ಬೋರ್ಡಿನ ಮೇಲೆ ಅನ್‌ಲಿಮಿಟೆಡ್

ತಿಮ್ಮರಾಜು ಬಾಬುರಾಯನಕೊಪ್ಪಲಿನಲ್ಲಿ ಮೆಸ್ಸು ತೆರೆಯಲು ಮಾರ್ಲಮಿಯ ದಿನವನ್ನೇ ಆರಿಸಿಕೊಂಡ. ಅದು ತೀರಿಹೋದ ಹಿರಿಯರಿಗೆ ಎಡೆ ಇಡುವ ದಿನ. ಬೆಳಿಗ್ಗೆ ಅವ್ವ ಕುಳ್ಳಮ್ಮ, "ನಿಮ್ ತಾತಂಗೆ ಒಂದೆಡೆ ಇಕ್ಬುಟ್ಟು ಓಗ್ಲಾ" ಎಂದಳು.

"ಬಾಡೆಲ್ಲ ಮೆಸ್ಸಿಗೇ ಬೇಕು ಕಣವ್ವ. ಮುಂದಿನ್ ವರ್ಸ ಇಕ್ಕದ್ರಾಯ್ತು, ತಾತ ಎಲ್ಲಿಗೋದಾನು?" ಎಂದವನು ತಾತನ ಫೋಟೋವನ್ನೂ ಕಂಕುಳಲ್ಲಿ ಇಟ್ಟುಕೊಂಡು ನಡೆದ. ಗಲ್ಲಾಪೆಟ್ಟಿಗೆಯ ಮೇಲೆ ಹಾರ ಹಾಕಿ ನೇತುಹಾಕಿದರೆ ಮೆಸ್ಸಿಗೊಂದು ಹಳೆಯ ಮನೆತನದ ಕಳೆ ಬರುತ್ತದಲ್ಲ!

ಪಕ್ಕದ ಮನೆಯ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಅನಂತರಾಮು ಸೀಮೆಸುಣ್ಣದಲ್ಲಿ ಬರೆದ ಬೋರ್ಡಿನ ಮುಂದೆ ನಿಂತರು. "ಅನ್‌ಲಿಮಿಟೆಡ್ ಬಾಡೂಟ ಅಂತ ಬರೆಸಿದೀಯಲ್ಲ, ಅರ್ಥ ಗೊತ್ತೇನಪ್ಪ? ಮಿತಿಯೇ ಇಲ್ಲದ್ದು ಅಂತ. ಆಕಾಶಕ್ಕೆ ಹೇಳ್ಬೋದು, ಮುದ್ದೆಗೆ ಹೇಳ್ಬಾರ್ದು."

"ಒಟ್ಟೆಗೊಂದು ಮಿತಿ ಐತಲ್ಲ, ಬುಡಿ ಸಾ" ಎಂದು ತಿಮ್ಮರಾಜು ನಕ್ಕ.

ಮಧ್ಯಾಹ್ನ ಒಬ್ಬ ಮುದುಕ ಬಂದ. ತಲೆಗೆ ವಲ್ಲಿ ಹೊದ್ದು, ಮುಖ ತಗ್ಗಿಸಿ ಪಂಕ್ತಿಯ ಕೊನೆಗೆ ಕೂತ. ಫ್ಯಾನಿನ ಗಾಳಿಗೆ ಎಲ್ಲರ ಬಾಳೆಎಲೆಯೂ ಪಟಪಟ ಅಂದರೆ ಅವನದು ಮಾತ್ರ ಅಲುಗಲಿಲ್ಲ.

"ಇಕ್ಕು ಮಗ" ಎಂದ. ಮುದ್ದೆ ಹೋಯಿತು. "ಇಕ್ಕು." ಮತ್ತೊಂದು ಹೋಯಿತು. ಅಗಿಯುವ ಸದ್ದಿಲ್ಲ, ತೇಗಿಲ್ಲ. ಉಂಡವರು ಎಲೆ ಮಡಿಸುವ ತನಕ ಬಡಿಸುವವನು ಇಲ್ಲ ಅನ್ನುವಂತಿಲ್ಲ. ಅದೂ ಮೊದಲ ದಿನ, ಹಸಿದ ಗಿರಾಕಿಗಳು ಬಾಗಿಲವರೆಗೆ ನಿಂತಿರುವಾಗ!

"ಸಾರ್ಗೆ ಉಪ್ ಸುರಿಲಾ, ನೀರ್ ಕುಡ್ದೇ ಒಟ್ಟೆ ತುಂಬ್ಕತಾನೆ" ಎಂದು ಊಟಕ್ಕೆ ಕಾದು ನಿಂತಿದ್ದ ಚಿನಕುರಳಿಯ ಲಾರಿ ಡ್ರೈವರ್ ಶಂಕರ್ ಕಿವಿಯಲ್ಲಿ ಉಸುರಿದ. ತಿಮ್ಮರಾಜು ಸುರಿದ. ಮುದುಕ ಬಿಂದಿಗೆ ನೀರನ್ನೂ ಖಾಲಿ ಮಾಡಿ, "ಇಕ್ಕು ಮಗ" ಎಂದ. ಉಪ್ಪು ತಿಂದ ಮಿಕ್ಕವರು ತಿಮ್ಮರಾಜನನ್ನು ಬೈದುಕೊಂಡು ಎದ್ದುಹೋದರು.

ಸೌಟು ಪಾತ್ರೆಯ ತಳಕ್ಕೆ ತಗುಲಿತು. "ಯಜಮಾನ್ರೇ, ಕಾಲ್ಗೆ ಬೀಳ್ತೀನಿ, ಎಲೆ ಮಡಿಸ್ಬುಡಿ!"

ಮುದುಕ ನಿಧಾನವಾಗಿ ಎಲೆ ಮಡಿಸಿದ. "ಉಪ್ಪು ವಸಿ ಮುಂದಾಯ್ತು. ಮನೇಲಿ ಎಡೆ ಇಕ್ಕಿದ್ರೆ ಒಂದ್ ಮುದ್ದೆಗೇ ಎದ್ದೋಯ್ತಿದ್ದೆ ಕಣ್ಲಾ" ಎಂದು ವಲ್ಲಿ ಕೊಡವಿ ಹೊರಟ.

ತಿಮ್ಮರಾಜು ಗೋಡೆ ನೋಡಿದ. ಫೋಟೋದ ಮೇಲೆ ಹಾರವಿತ್ತು, ಒಳಗೆ ಕುರ್ಚಿಯಿತ್ತು. ತಾತ ಇರಲಿಲ್ಲ.

ಒದ್ದೆ ಬಟ್ಟೆ ಹಿಡಿದು ಬೋರ್ಡು ಒರೆಸಲು ಓಡಿದ. ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಹಳೇ ಬಸ್ಸು ಸದ್ದಿಲ್ಲದೆ ಬಂದು ನಿಂತಿತ್ತು. ತಲೆಗೆ ವಲ್ಲಿ ಹೊದ್ದವರು ಒಬ್ಬರ ಹಿಂದೊಬ್ಬರು ಇಳಿಯುತ್ತಲೇ ಇದ್ದರು.

"ಇದೇ ಮೆಸ್ಸು, ಬಾ ಅಪ್ಪಯ್ಯ!" ತಾತ ಕೂಗುತ್ತಿದ್ದ. "ನಿಮ್ಮಪ್ಪನ್ನೂ ಕರ್ಕೊ, ಅವರಪ್ಪನ್ನೂ ಕರ್ಕೊ!"

ತಿಮ್ಮರಾಜನ ಕೈಯಿಂದ ಬಟ್ಟೆ ಜಾರಿತು. "ಒಟ್ಟು ಎಷ್ಟ್ ಜನ ಅವ್ರೆ ಸಾ?"

ಮೇಷ್ಟ್ರು ಬೋರ್ಡು ನೋಡಿದರು, ಬಸ್ಸು ನೋಡಿದರು.

"ಒರೆಸಬೇಡಪ್ಪ" ಎಂದರು ಮೆಲ್ಲಗೆ. "ಆ ಪದ ಈಗ ಸರಿಯಾಗಿದೆ."