ರುದ್ರವ್ವನ ಸೋಡಚೀಟಿ ಮತ್ತು ನನ್ನ ಪಲ್ಯದ ವಹಿ

ಬೆಳಿಗ್ಗೆ ನೀರು ತುಂಬಿದೆ, ಜೋಳ ಹಸನು ಮಾಡಿದೆ, ಹಪ್ಪಳ ಒಣಹಾಕಿದೆ, ಬಸ್ಸು ಹತ್ತಿ ಬೆಳಗಾವಿ ಕೋರ್ಟಿಗೆ ಹೋಗಿ ಸಾಕ್ಷಿ ಹೇಳಿದೆ, ಬಂದು ಹಪ್ಪಳ ತೆಗೆದೆ. ದಿನದ ಕೆಲಸ, ಉಂಡದ್ದು, ಯಾರು ಮೊದಲು ಮಲಗಿದರೆಂಬುದು, ಎಲ್ಲವನ್ನೂ ಹೀಗೆ ವಹಿಯಲ್ಲಿ ಬರೆದಿಡುವ ಚಟ ನನಗೆ. ಕಾರಣ ಘನವಾದದ್ದೇನಲ್ಲ. ಎರಡು ದಿನ ಒಂದೇ ಪಲ್ಯ ಮಾಡಿದರೆ ನಮ್ಮ ಮನೆಯವರು ಮುಖ ಗಂಟು ಹಾಕಿಕೊಳ್ಳುತ್ತಾರೆ.

ಗೋಕಾಕ ಫಾಲ್ಸಿನ ನಮ್ಮ ಸಾಲುಮನೆಗಳ ಚಾಳಿನಲ್ಲಿ ಬಾಜೂ ಮನೆ ರುದ್ರವ್ವನದು. ಉಪ್ಪು ಕಡಿಮೆಯಾದರೆ ಅವಳ ಗಂಡ ಶಿವಪ್ಪ ತಾಟು ಎಸೆಯುತ್ತಿದ್ದ. ಹೆಚ್ಚಾದರೆ ಅವಳನ್ನೇ ಬಡಿದು ಹೊರಗೆ ಹಾಕುತ್ತಿದ್ದ. ಸರಿಯಾದ ದಿನ ಸಂಶಯದಿಂದ ಎರಡನ್ನೂ ಮಾಡುತ್ತಿದ್ದ. ಅವಳು ನಮ್ಮ ಒಲೆಯ ಹತ್ತಿರ ಬಂದು ಮಲಗುತ್ತಿದ್ದಳು; ಅದೂ ನನ್ನ ವಹಿ ಸೇರುತ್ತಿತ್ತು. ಕಡೆಗೆ ಗಂಡನನ್ನು ಬಿಡಲು ಸೋಡಚೀಟಿ ಬೇಕೆಂದಳು. ವಕೀಲರು ಐವತ್ತೈದರ ಹೊಸ ಮದುವೆ ಕಾಯ್ದೆ ತಿಳಿಸಿದರು: "ಮೊದಲ ಬ್ಯಾರೆ ಇರಾಕ ಕೋರ್ಟಿನ ಹುಕುಂ ತಗೋಬೇಕವ್ವಾ. ಎರಡ ವರ್ಷ ಆದಮ್ಯಾಲೆ ಸೋಡಚೀಟಿ. ಆದ್ರ ಹೊಡದದ್ದಕ್ಕ ತಾರೀಖ ಬೇಕು, ಸಾಕ್ಷಿ ಬೇಕು."

ಅಂದರೆ ಪೆಟ್ಟು ತಿಂದವಳು ಪಂಚಾಂಗ ನೋಡಿ ಅಳಬೇಕು! ಗೋಡೆಗೆ ಕಿವಿ ಹಚ್ಚಿ ಕೇಳುತ್ತಿದ್ದ ಚಾಳಿನವರೆಲ್ಲ ಒಮ್ಮೆಲೇ ಕಿವುಡರಾದರು. ರುದ್ರವ್ವ ನನ್ನ ಕೈ ಹಿಡಿದಳು. "ಅಕ್ಕಾರ, ನಿಮ್ಮ ವಹಿ ಒಂದ ಐತ್ರಿ ನನಗ. ಇಲ್ಲಾಂದ್ರ ಮತ್ತ ಅವನ ಮನೀನ."

ಇಂದು ಶಿವಪ್ಪನ ವಕೀಲರು ಆ ವಹಿ ಓದಿ ಗೆದ್ದವರಂತೆ ನಕ್ಕರು. "ನೀವ ಬರದೀರಿ ಬಾಯಾರ, ಹೊಡತದ ಮರುದಿನ ಯುಗಾದಿಗೆ ಈಕಿ ಗಂಡಗ ಹೋಳಿಗಿ ಮಾಡಿ ಬಡಿಸ್ಯಾಳಂತ. ಅಂದ್ರ ಕ್ಷಮಾ ಮಾಡ್ಯಾಳ. ಮುಗೀತಲ್ರಿ!"

ರುದ್ರವ್ವ ನನ್ನ ಕಡೆ ತಿರುಗಿದಳು.

"ಮುಂದಿನ ಸಾಲೂ ಓದ್ರಿ ಸಾಹೇಬ್ರ," ಎಂದೆ.

ಅವರು ಓದಲಿಲ್ಲ. ನ್ಯಾಯಾಧೀಶರೇ ವಹಿ ತರಿಸಿಕೊಂಡು ಓದಿದರು: "ಹೋಳಿಗೆಯನ್ನೆಲ್ಲ ಶಿವಪ್ಪನೇ ಉಂಡ. ಮತ್ತೆ ಬಡಿದು ಹೊರಗೆ ಹಾಕಿದ. ರುದ್ರವ್ವ ನಮ್ಮಲ್ಲಿ ಮಜ್ಜಿಗೆ ಕುಡಿದಳು. ಮೊದಲು ಮಲಗಿದವಳು ನಾನು. ಅವಳಿಗೆ ನಿದ್ದೆ ಬರಲಿಲ್ಲ." ಅಂಥ ಸಾಲುಗಳು ಹನ್ನೊಂದು ಇದ್ದವು. ಬೇರೆ ಇರಲು ಹುಕುಂ ಆಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಜೊತೆಗೆ ಬಂದಿದ್ದ ನಮ್ಮ ಮನೆಯವರು ನನ್ನ ಮಗ್ಗುಲಿಗೆ ಸರಿದು ಕುಳಿತರು. ಆಮೇಲೆ ಮೆಲ್ಲಗೆ, "ನಂದೇನೇನ ಬರದೀದಿ?" ಎಂದರು.

"ಪಲ್ಯಾದ್ದಷ್ಟರಿ."

"ಮುಖಾ ಗಂಟ ಹಾಕ್ಕೊಂಡದ್ದು?"

"ತಾರೀಖ ಸಮೇತ ಐತ್ರಿ."

ಬಸ್ಸಿಳಿದವರೇ ಅಂಗಡಿಗೆ ಹೋಗಿ ತಮಗೂ ಒಂದು ವಹಿ ತಂದರು.

ಊಟಕ್ಕೆ ನಿನ್ನೆಯದೇ ಬದನೆಕಾಯಿ ಪಲ್ಯ. ತುಟಿಪಿಟಕ್ಕೆನ್ನದೆ ಮೂರು ರೊಟ್ಟಿ ಉಂಡರು. ರುದ್ರವ್ವ ನಮ್ಮ ಒಲೆಯ ಹತ್ತಿರ ಎಂದಿಲ್ಲದಂತೆ ಎಲ್ಲರಿಗಿಂತ ಮೊದಲು ಮಲಗಿ ಗೊರಕೆ ಹೊಡೆಯುತ್ತಿದ್ದಾಳೆ. ದೀಪದ ಈ ಬದಿಗೆ ನಾನು ಬರೆಯುತ್ತಿದ್ದೇನೆ, ಆ ಬದಿಗೆ ಅವರು. ಮೊದಲು ಮಲಗುವ ಧೈರ್ಯ ಇಬ್ಬರಿಗೂ ಆಗುತ್ತಿಲ್ಲ.