ಲೆಂಪಿಯ ಕೋಣೆಗೆ ಹೊಸ ಕಿಟಕಿ

ಜಿಲ್ಲೆಯ ಕೌಂಟಿ ಕಚೇರಿಯಿಂದ ಬಂದ ಕೆಲಸಗಳ ಪಟ್ಟಿಯಲ್ಲಿ ಒಂಬತ್ತು ಸಾಲುಗಳಿದ್ದವು. ಎಂಟನ್ನು ಓನ್ನಿ ಕಾರ್ಪೆಲಾ ಮುಗಿಸಿದ್ದ. ಬಚ್ಚಲಿಗೆ ಹಿಡಿಕೆ ಹಾಕಿದ್ದ, ಹೊಸ್ತಿಲು ಕೆತ್ತಿ ಗಾಲಿಕುರ್ಚಿಗೆ ದಾರಿ ಮಾಡಿದ್ದ. ಒಂಬತ್ತನೆಯ ಸಾಲು ಹೀಗಿತ್ತು: ರೋಗಿ ಮಲಗುವ ಕೋಣೆಯ ಕಿಟಕಿ ತೆರೆಯುವಂತಿರಬೇಕು. ಅದು ತೆರೆಯುತ್ತಿರಲಿಲ್ಲ. ನಲವತ್ತು ವರ್ಷ ಒಂದರ ಮೇಲೊಂದು ಬಳಿದ ಬಣ್ಣ ಅದನ್ನು ಚೌಕಟ್ಟಿಗೆ ಅಂಟಿಸಿಬಿಟ್ಟಿತ್ತು.

ಸಂಜೆ ನಾಲ್ಕಕ್ಕೆ ಕೌಂಟಿಯ ಶ್ರೀಮತಿ ಪ್ಲಮರ್ ಮನೆ ತಪಾಸಣೆಗೆ ಬರುವವಳಿದ್ದಳು. ಅವಳು ಸರಿ ಅಂದರೆ, ಲಕ್ವ ಹೊಡೆದು ಏಳು ತಿಂಗಳಿಂದ ಆರೈಕೆ ಕೇಂದ್ರದಲ್ಲಿರುವ ಅವನ ಹೆಂಡತಿ ಲೆಂಪಿ ನಾಳೆಯೇ ಮನೆಗೆ. ಇಲ್ಲವೆಂದರೆ ಮುಂದಿನ ಭೇಟಿ ಹಿಮ ಕರಗಿದ ಮೇಲೆ, ಏಪ್ರಿಲ್‌ನಲ್ಲಿ. ಏಪ್ರಿಲ್‌ವರೆಗೆ ಲೆಂಪಿ ಇರುತ್ತಾಳೆಂದು ಡಾಕ್ಟರು ಹೇಳಿರಲಿಲ್ಲ. ಓನ್ನಿ ಕೇಳಿರಲೂ ಇಲ್ಲ.

ಬೆಳಿಗ್ಗೆ ಎಂಟಕ್ಕೆ ಅವನು ಕಿಟಕಿಗೆ ಹೆಗಲು ಕೊಟ್ಟು ದೂಡುತ್ತಿದ್ದಾಗ ಪಕ್ಕದ ಮನೆಯ ಸುಲೊ ಕಾಫಿ ಲೋಟದ ಸಮೇತ ಒಳಗೆ ಬಂದ. ಇಬ್ಬರೂ ಇಪ್ಪತ್ತಾರು ವರ್ಷ ಒಂದೇ ತಾಮ್ರದ ಗಣಿಯಲ್ಲಿ ದುಡಿದವರು. ಗಣಿ ಮುಚ್ಚಿದ ಮೇಲೆ ಸುಲೊಗೆ ಉಳಿದ ಕೆಲಸವೆಂದರೆ ಓನ್ನಿಯ ಕೆಲಸ.

"ಲೋ ಓನ್ನಿ, ಆ ಹಳೇ ಮರದ ಕಿಟಕಿ ನೋಡಿದ್ ತಕ್ಷಣ ಆಯಮ್ಮ ವಾಪಸ್ ಹೋಗ್ತಾಳೆ ಕಣೋ. ಅವರಿಗೆ ಎಲ್ಲಾ ಹೊಸದಿರಬೇಕು."

"ತೆರೆದ್ರೆ ಸಾಕು ಅಂತ ಬರೆದಿದೆ."

"ಬರೆಯೋದೊಂದು, ನೋಡೋದೊಂದು. ಮರದಂಗಡೀಲಿ ಯಾರೋ ಬೇಡ ಅಂತ ಬಿಟ್ಟುಹೋದ ಕಿಟಕಿಗಳಿವೆ. ಹಳೇ ಚೌಕಟ್ಟಿನ ಒಳಗೆ ಹೊಸದನ್ನ ತಳ್ಳಿ, ನಾಲ್ಕು ಸ್ಕ್ರೂ ಬಿಗಿದ್ರೆ ಮುಗೀತು. ಊಟದ ಹೊತ್ತಿಗೆ ಎಲ್ಲಾ ರೆಡಿ."

ಓನ್ನಿಗೆ ಇಲ್ಲ ಅನ್ನುವುದು ಬರುತ್ತಿರಲಿಲ್ಲ. ಅಳತೆ ತೆಗೆದರು, ಮೇಲ್ಗಡೆ ಮಾತ್ರ, ಒಂದೇ ಸಲ. ಹಳೆಯ ಕಿಟಕಿಯನ್ನು ಕಿತ್ತು ಅಂಗಳಕ್ಕೆ ಇಳಿಸಿದರು. ಹತ್ತೂವರೆಗೆ ಬಿಳಿಯ ಹೊಸ ಕಿಟಕಿಯೊಂದು ಟ್ರಕ್ಕಿನಲ್ಲಿ ಬಂತು. ಮೇಲ್ಗಡೆ ನೆಟ್ಟಗೆ ಕೂತಿತು. ಕೆಳಗಡೆ ಕೂರಲಿಲ್ಲ. ಆ ಊರಿನ ಮನೆಗಳೆಲ್ಲ ಗಣಿಯ ಹಳೆಯ ಸುರಂಗಗಳ ಮೇಲೆ ನಿಂತವು. ನೆಲ ವರ್ಷವರ್ಷವೂ ಚೂರು ಕುಸಿಯುತ್ತದೆ, ಮನೆಗಳು ಕುಡಿದ ನೆಂಟರ ಹಾಗೆ ಒಂದು ಕಡೆಗೆ ವಾಲುತ್ತವೆ. ಸುರಂಗ ತೋಡಿದ್ದೇ ಈ ಇಬ್ಬರು. ಆದರೂ ಕೆಳಗಡೆ ಅಳೆಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಸುಲೊ ಸುತ್ತಿಗೆ ತಂದ. ಕಿಟಕಿ ಕಿರುಗುಟ್ಟಿತು, ಸುಲೊ ಬೈದ, ಕೊನೆಗೆ ಬೆರಳು ಜಜ್ಜಿಕೊಂಡು ಕುಣಿದ.

"ಹಳೇ ಚೌಕಟ್ಟನ್ನೇ ಕಿತ್ತುಬಿಡೋಣ," ಅಂದ ಓನ್ನಿ. "ಹೊರಗಿನ ಸೈಡಿಂಗ್ ತಗಡನ್ನ ಸುತ್ತಲೂ ಕತ್ತರಿಸಿ, ಈ ಹೊಸ ಕಿಟಕೀನೇ ಸೀದಾ ಗೋಡೆಗೆ ಕೂರಿಸೋಣ."

"ಕತ್ತರಿಸ್ತೀಯಾ? ಕತ್ತರಿಸು, ಕತ್ತರಿಸು!" ಎಂದು ಹೊರಗಿನಿಂದ ದನಿ ಬಂತು. ಎದುರು ಮನೆಯ ಬೆರಿಲ್ ಟ್ರೆಗನಿಂಗ್. ಕೈಯಲ್ಲಿ ಬಿಸಿ ಪಾಸ್ಟಿ ಕಡುಬುಗಳ ತಟ್ಟೆ. "ಆ ಹಸಿರು ತಗಡು ಈಗ ಎಲ್ಲೂ ಸಿಗಲ್ಲ. ನನ್ನ ತಮ್ಮ ಕತ್ತರಿಸಿದ್ದ, ಬಿಳೀದು ಹಚ್ಚಿದ, ಮನೆ ಹಲ್ಲು ಕಟ್ಟಿಸಿಕೊಂಡ ಮುದುಕನ ಥರ ಕಾಣುತ್ತೆ. ಅದೂ ಹೋಗ್ಲಿ, ತಗಡಿನ ಹಿಂದೆ ಏನಿದೆ ಅಂತ ಗೊತ್ತಾ? ಕೊಳೆತ ಹಲಗೆ. ಒಂದು ಕಿತ್ತರೆ ಹತ್ತು ಕೀಳಬೇಕು. ರಾತ್ರಿ ಹಿಮ ಬೀಳುತ್ತಂತೆ. ಲೆಂಪಿ ಬರೋ ಹೊತ್ತಿಗೆ ಗೋಡೇನೇ ಇಲ್ಲದ ಕೋಣೆ ತೋರಿಸ್ತೀಯೇನಪ್ಪಾ?"

ಓನ್ನಿ ಎತ್ತಿಕೊಂಡಿದ್ದ ತಗಡಿನ ಕತ್ತರಿ ಕೆಳಗಿಟ್ಟ.

"ಇದಕ್ಕಿಂತ ಚಿಕ್ಕದು ತಂದುಬಿಡು," ಅಂದಳು ಬೆರಿಲ್.

"ತೀರಾ ಚಿಕ್ಕದಾಗಲ್ವಾ?"

ಸುಲೊ ಕಡುಬು ಕಚ್ಚುತ್ತಾ, "ಚಿಕ್ಕದಾದ್ರೆ ಏನೋ? ಲೆಂಪಿ ಅದರಿಂದ ಹಾರಿ ಓಡಿಹೋಗ್ತಾಳಾ?" ಅಂದ. ಅಂದ ಮೇಲೆ ತನಗೇ ಕಸಿವಿಸಿಯಾಗಿ ತಟ್ಟೆ ನೋಡಿದ. ಓನ್ನಿ ಟ್ರಕ್ಕಿನ ಕೀಲಿ ತೆಗೆದುಕೊಂಡು ಮರದಂಗಡಿಗೆ ಹೊರಟ.

ಮಧ್ಯಾಹ್ನ ಎರಡಕ್ಕೆ ಓನ್ನಿ ಚಿಕ್ಕ ಕಿಟಕಿಯೊಂದಿಗೆ ವಾಪಸಾದ. ಅದು ಸಲೀಸಾಗಿ ಒಳಗೆ ಹೋಯಿತು, ಎರಡೂ ಬದಿಗೆ ಸಂದು ಉಳಿಯಿತು. ಸಂದಿಗೆ ಮರದ ಪಟ್ಟಿ ಬಡಿದು ಡಬ್ಬಿಯ ನೊರೆ ತುಂಬಿದರು. ನೊರೆ ಉಬ್ಬಿ ಸುಲೊನ ಗಡ್ಡಕ್ಕೆ ಮೆತ್ತಿಕೊಂಡು ಗಟ್ಟಿಯಾಯಿತು. ಬೆರಿಲ್ ಅಡುಗೆ ಕತ್ತರಿಯಿಂದ ಅವನ ಅರ್ಧ ಗಡ್ಡ ತೆಗೆದಳು. ಹೊರಗಿನ ಸೈಡಿಂಗ್‌ಗೆ ಒಂದು ಗೀರೂ ಬೀಳಲಿಲ್ಲ. ಮೇಲಕ್ಕೆ ಜಾರಿಸಿ ತೆರೆಯುವ ಆ ಕಿಟಕಿಯನ್ನು ಓನ್ನಿ ಒಂದು ಬೆರಳಲ್ಲಿ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಮೂರೂವರೆಗೆ ಹಾಸಿಗೆಗೆ ಒಗೆದ ಹೊದಿಕೆ ಹಾಸಿ, ಲೆಂಪಿಯ ದಿಂಬನ್ನು ಕಿಟಕಿಯ ಕಡೆಗೆ ತಿರುಗಿಸಿಟ್ಟ.

ಶ್ರೀಮತಿ ಪ್ಲಮರ್ ಸರಿಯಾಗಿ ನಾಲ್ಕಕ್ಕೆ ಬಂದಳು. ಒಳ್ಳೆಯ ಹೆಂಗಸು. ಹಿಡಿಕೆ ಎಳೆದು ನೋಡಿ ಮೆಚ್ಚಿದಳು, ಹೊಸ್ತಿಲು ನೋಡಿ ಮೆಚ್ಚಿದಳು. ಕಿಟಕಿ ಎತ್ತಿ, "ಎಷ್ಟು ಹಗುರ!" ಅಂದಳು. ಆಮೇಲೆ ಜೇಬಿನಿಂದ ಟೇಪು ತೆಗೆದಳು.

"ಅಗಲ ಹದಿನೆಂಟೂವರೆ," ಅಂದಳು. ಮತ್ತೊಮ್ಮೆ ಅಳೆದಳು. "ಇಪ್ಪತ್ತು ಇಂಚು ಬೇಕಲ್ಲಾ ಓನ್ನಿ."

"ಅವಳಿಗೆ ಏಳೋಕೇ ಆಗಲ್ಲಮ್ಮಾ. ಕಿಟಕಿಯಿಂದ ಎಲ್ಲಿಗೆ ಹೋಗ್ತಾಳೆ?"

"ಅವರು ಹೋಗೋಕಲ್ಲ. ಬೆಂಕಿ ಬಿದ್ರೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡ ಬೆಂಕಿ ಆರಿಸೋವನು ಒಳಗೆ ಬರಬೇಕಲ್ಲಾ, ಅದಕ್ಕೆ." ಅವಳು ತನ್ನ ಹಾಳೆ ತಿರುವಿದಳು. "ಹೋದ ತಿಂಗಳು ನಮ್ಮ ಹುಡುಗಿ ಹಳೇ ಕಿಟಕಿ ಅಳೆದಿದ್ಲು. ಇಪ್ಪತ್ಮೂರು ಅಂತ ಬರೆದಿದಾಳೆ, ಅಳತೆ ಸರಿ ಇದೆ ಅಂತಾನೂ ಬರೆದಿದಾಳೆ. ಬಣ್ಣ ಕೆರೆದು ಬಿಡಿಸಿದ್ರೆ ಸಾಕಿತ್ತು. ಹತ್ತು ನಿಮಿಷದ ಕೆಲಸ."

ಓನ್ನಿ ಸುಲೊನ ಕಡೆ ತಿರುಗಿದ. "ವಾಪಸ್ ಅದನ್ನೇ ಕೂರಿಸೋಣ. ಅಮ್ಮಾ, ಒಂದು ಗಂಟೆ ಕಾಯ್ತೀರಾ?"

"ಕತ್ತಲಾಗೋವರೆಗೆ ಕಾಯ್ತೀನಿ," ಅಂದಳು ಅವಳು, ಕೋಟನ್ನೂ ತೆಗೆದಳು.

"ಸುಲೊ, ಹಳೇ ಕಿಟಕಿ ಎಲ್ಲಿಟ್ಟೆ?"

ಸುಲೊ ಉಳಿದ ಅರ್ಧ ಗಡ್ಡ ಸವರಿಕೊಂಡ. "ಇವತ್ತು ಬುಧವಾರ ಕಣೋ. ಸೌನಾ ದಿನ. ಎಂಬತ್ತು ವರ್ಷದ ಒಣ ಪೈನ್ ಮರ, ಅಂಗಳದಲ್ಲಿ ಸುಮ್ಮನೆ ಬಿದ್ದಿತ್ತು... ನೀನು ಅಂಗಡಿಗೆ ಹೋದಾಗ ಕಡಿದು ಸೌನಾ ಹಬೆಮನೆ ಒಲೆಗೆ ಹಾಕಿದೆ. ಒಂದೇ ಕಡ್ಡಿಗೆ ಹೊತ್ಕೊಂಡ್ತು." ಗಡ್ಡದಿಂದ ಒಂದು ನೊರೆಚೂರು ಕಿತ್ತು, "ನಿನಗೂ ಸೇರಿಸೇ ಕಾಯಿಸಿದೀನಿ," ಅಂದ.

ಶ್ರೀಮತಿ ಪ್ಲಮರ್ ಕೋಟು ಹಾಕಿಕೊಂಡಳು. ಅವಳು ಏಪ್ರಿಲ್ ಎಂದು ಬರೆಯುವಾಗ ಹೊರಗೆ ಹಿಮ ಶುರುವಾಗಿತ್ತು.

ಆರೈಕೆ ಕೇಂದ್ರದಲ್ಲಿ ರಾತ್ರಿಯೂಟ ಐದೂವರೆಗೇ. ದಿನದಂತೆ ಓನ್ನಿ ಹೋದ. ಲೆಂಪಿ ಕೋಟು, ಉಣ್ಣೆ ಟೋಪಿ ಹಾಕಿಸಿಕೊಂಡು ಗಾಲಿಕುರ್ಚಿಯಲ್ಲಿ ಕೂತಿದ್ದಳು. ಮಡಿಲಲ್ಲಿ ಚೀಲ. ನಾಳೆಯ ತನಕ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ಏನು ಹೇಳಬೇಕೆಂದು ಅವನು ದಾರಿಯುದ್ದಕ್ಕೂ ಯೋಚಿಸಿದ್ದ.

"ಕಿಟಕಿ ಚೆನ್ನಾಗಿದೆ," ಅಂದ. "ಒಂದೇ ಬೆರಳಲ್ಲಿ ತೆರೆಯುತ್ತೆ."

"ಈಗಷ್ಟೇ ಸುಲೊ ಫೋನ್ ಮಾಡಿದ್ದ." ಲೆಂಪಿಯ ಬಾಯಿ ಒಂದು ಕಡೆಗೆ ವಾಲಿತ್ತು, ಮಾತು ನಿಧಾನವಾಗಿ ಬರುತ್ತಿತ್ತು. "ಸೌನಾ ತುಂಬಾ ಚೆನ್ನಾಗಿತ್ತಂತೆ."

ಓನ್ನಿ ಅವಳ ಮಡಿಲಿನ ಚೀಲವನ್ನು ಎತ್ತಿ ಕೆಳಗಿಟ್ಟ.

"ಎಷ್ಟು ಇಂಚು ಕಮ್ಮಿ?" ಅಂದಳು ಲೆಂಪಿ.

ಅವನು ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದೂವರೆ ಇಂಚು ಹಿಡಿದು ತೋರಿಸಿದ. ಲೆಂಪಿ ಆ ಸಂದನ್ನು ತುಂಬಾ ಹೊತ್ತು ನೋಡಿದಳು.

"ನಾನು ಇಲ್ಲಿಗೆ ಬಂದ ಮೇಲೆ ಅದರ ಎರಡರಷ್ಟು ಇಳಿದಿದೀನಿ," ಅಂದಳು. "ಆಯಮ್ಮ ನನ್ನನ್ನ ಅಳೀಬೇಕಿತ್ತು."

ಅವನು ನಗಲು ನೋಡಿದ, ಆಗಲಿಲ್ಲ. ಮಂಡಿಯೂರಿ ಕೂತು ಅವಳ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಒಂದೊಂದಾಗಿ ಬಿಚ್ಚತೊಡಗಿದ. ಹೊರಗಿನ ಓಣಿಯಲ್ಲಿ ಊಟದ ಗಾಡಿ ಬರುತ್ತಿರುವುದು ಕೇಳಿಸಿತು.