ಎಡಗೈಯಲ್ಲಿದ್ದ ಫೋನು

"ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷ. ನಾನು ಬಾಲ್ಕನಿಯಲ್ಲಿ ನಿಂತಿದ್ದೆ. ಅಂಚೆಯವರು ಸೈಕಲ್ ಮೇಲೆ ತಮ್ಮ ಪಾಡಿಗೆ ತಾವು ಬರ್ತಿದ್ರು, ಪಾಪ. ಆ ಮೂಲೆಯಿಂದ ಬಂತು ನೋಡಿ ಬೇಕರಿ ವ್ಯಾನು. ಬಂತು ಅಂದ್ರೆ ಹಾಗಾ ಹೀಗಾ, ಬಿಲ್ಲಿನಿಂದ ಬಿಟ್ಟ ಬಾಣ. ನಾನು ಕೈ ಎತ್ತಿ 'ನಿಲ್ಸಪ್ಪಾ' ಅಂದೆ. ಡ್ರೈವರ್ ತಲೆ ಎತ್ತಿದ. ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಆಗ ಕಂಡಿದ್ದು, ಅವನ ಒಂದು ಕೈ ಸ್ಟೀರಿಂಗ್ ಮೇಲಿಲ್ಲ, ಕಿವಿ ಹತ್ರ ಇದೆ. ಕೈಯಲ್ಲಿ ಫೋನು. ಮಾತಾಡ್ತಾ ನಗ್ತಿದಾನೆ. ಧಡ್ ಅಂತು. ಗಡಿಯಾರ ನೋಡಿದೆ, ಏಳು ಹನ್ನೆರಡೂವರೆ. ಅರ್ಧ ನಿಮಿಷದಲ್ಲಿ ಒಬ್ಬ ಮನುಷ್ಯನ ಕಾಲು ಎರಡಾಗಿತ್ತು."

ಇವು ಗಡಿಯಾರದವರ ಮಾತುಗಳು. ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿ ಅಂಗಡಿ ಮುಚ್ಚಿದವರು. ಅವರು ಏನೇ ಹೇಳಿದರೂ ನಿಮಿಷ ಸಮೇತ ಹೇಳುವುದರಿಂದ ಕೇಳಿದವರು ನಂಬದೆ ಇರುತ್ತಿರಲಿಲ್ಲ.

ನಂಬದವರೆಂದರೆ ಒಬ್ಬರೇ, ಅವರ ಹೆಂಡತಿ. ಕಟ್ಟಡದವರೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು. ಏಳು ಹನ್ನೆರಡಕ್ಕೆ ಗಡಿಯಾರದವರು ಬಾಲ್ಕನಿಯಲ್ಲಿ ಇರಲಿಲ್ಲ. ಸ್ನಾನದ ಮನೆಯಲ್ಲಿ ತಲೆಯಿಂದ ಕಾಲಿನವರೆಗೆ ಸೋಪು ಹಚ್ಚಿಕೊಂಡು ನಿಂತಿದ್ದರು. ಧಡ್ ಎಂದಾಗ "ಏನೇ ಅದು, ಪಾತ್ರೆ ಬೀಳಿಸಿದ್ಯಾ?" ಎಂದು ಒಳಗಿಂದ ಕೂಗಿದ್ದರು. ಬಾಗಿಲ ಸಂದಿಯಲ್ಲಿ ಟವೆಲ್ ಕೊಟ್ಟದ್ದು ದೊಡ್ಡಮ್ಮನೇ. ಗಡಿಯಾರದವರು ಬಾಲ್ಕನಿಗೆ ಬರುವಷ್ಟರಲ್ಲಿ ಕೆಳಗೆ ಜನ ಸೇರಿ ಆಗಿತ್ತು. ಬಂದರೂ ಕನ್ನಡಕ ಇರಲಿಲ್ಲ. ಕನ್ನಡಕ ಇಲ್ಲದೆ ಅವರಿಗೆ ಬಾಲ್ಕನಿಯ ಕಂಬಿಯಿಂದಾಚೆಗೆ ಲೋಕವೇ ಇಲ್ಲ.

ಅಂದು ಕ್ಷೌರದಂಗಡಿಯಲ್ಲಿ ಅವರು "ಶಬ್ದ ಕೇಳಿದೆ" ಎಂದಷ್ಟೇ ಹೇಳಿದ್ದರು. ಮರುದಿನ ಹಾಲಿನವನಿಗೆ "ಬಗ್ಗಿ ನೋಡಿದೆ" ಎಂದರು. ಮೂರನೆಯ ದಿನದ ಕಥೆಯಲ್ಲಿ ವ್ಯಾನಿಗಿಂತ ಮೊದಲೇ ಬಾಲ್ಕನಿಗೆ ಬಂದು ನಿಂತಿದ್ದರು. (ಸೋಪು ತಾನಾಗಿ ಒಣಗಿಹೋಗಿತ್ತು.)

ದೊಡ್ಡಮ್ಮ ಇದಕ್ಕೆಲ್ಲ ತಲೆ ಕೆಡಿಸಿಕೊಂಡವರಲ್ಲ. "ಸುಳ್ಳು ಹೇಳೋದು ಅವರ ಬಾಬತ್ತು. ನನ್ನ ಬಾಯಲ್ಲಿ ಒಂದಾದ್ರೂ ಬಂದಿದ್ರೆ ತೋರಿಸಿ" ಎನ್ನುತ್ತಿದ್ದರು.

ಆದರೆ ಆ ಮನೆಯಲ್ಲಿ ಒಂದು ಅಭ್ಯಾಸ ಬೆಳೆದುಬಿಟ್ಟಿತ್ತು. ಅಂಗಡಿ ಇದ್ದ ಕಾಲದಲ್ಲಿ ಗಡಿಯಾರದವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ತಲೆ ಎತ್ತದೆ, ಕೈ ಚಾಚುತ್ತಿದ್ದರು. ಪಕ್ಕದಲ್ಲಿ ಕೂತ ದೊಡ್ಡಮ್ಮ ಚಿಮಟವೋ ಸಣ್ಣ ಸ್ಕ್ರೂಡ್ರೈವರೋ, ಬೇಕಾದದ್ದನ್ನು ಅಂಗೈಯಲ್ಲಿಡುತ್ತಿದ್ದರು. ಕೇಳಬೇಕಾಗಿರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಚಿಮಟದ ಜಾಗಕ್ಕೆ ಮಾತು ಬಂತು. ಅವರು ಕಥೆ ಹೇಳುತ್ತಾ ಎಲ್ಲಿ ತಡವರಿಸಿದರೂ ಕತ್ತು ಕೊಂಚ ತಿರುಗಿಸುವರು. ದೊಡ್ಡಮ್ಮ ಎಲ್ಲಿದ್ದರೂ ಒಂದು ಮಾತು ಎತ್ತಿ ಕೊಡುವರು. ಕಥೆ ಮುಂದೆ ಹೋಗುವುದು.

ನಾಲ್ಕನೆಯ ದಿನ ನಾದಿನಿಯ ಮನೆಯವರು ಬಂದಿದ್ದಾಗ ಆದದ್ದೂ ಅದೇ. "ಅವನ ಒಂದು ಕೈ ಸ್ಟೀರಿಂಗ್ ಮೇಲಿಲ್ಲ. ಕೈಯಲ್ಲಿ..." ಎಂದು ಗಡಿಯಾರದವರು ಕತ್ತು ತಿರುಗಿಸಿದರು. ಟೀ ಆರುತ್ತಿತ್ತು. "ಫೋನು" ಎಂದರು ದೊಡ್ಡಮ್ಮ. ಎಲ್ಲರೂ ಅಯ್ಯೋ ಎಂದರು, ಟೀ ಕುಡಿದರು.

ಐದನೆಯ ದಿನ ಪೊಲೀಸರು ಬಂದು, ಫೋನನ್ನೂ ಸೇರಿಸಿ ಎಲ್ಲವನ್ನೂ ಬರೆದುಕೊಂಡು ಹೋದರು. ಎರಡು ತಿಂಗಳಿಗೆ ಕೋರ್ಟಿನಿಂದ ಸಮನ್ಸ್ ಬಂತು.

ಕೆಳಮನೆಯಲ್ಲಿ ಒಬ್ಬ ವಕೀಲರ ಗುಮಾಸ್ತೆ ಇದ್ದಳು. ಗಡಿಯಾರದವರು ಸಮನ್ಸನ್ನು ಮದುವೆಯ ಕರೆಯೋಲೆಯ ಹಾಗೆ ಅವಳ ಮುಂದೆ ಹಿಡಿದರು. ಅವಳು ಓದಿ, "ದೊಡ್ಡಪ್ಪಾ, ನಿಜವಾಗ್ಲೂ ನೋಡಿದೀರಾ?" ಎಂದಳು.

"ಯಾಕಮ್ಮ ಹಾಗೆ ಕೇಳ್ತೀಯ?"

"ಹೆಂಡ್ತಿ ಹತ್ರ ಸುಳ್ಳು ಹೇಳಿದ್ರೆ ಯಾವ ಕಾನೂನೂ ಹಿಡಿಯೋದಿಲ್ಲ. ನೆಂಟರ ಹತ್ರ, ಕ್ಷೌರದಂಗಡೀಲಿ, ಎಷ್ಟು ಬೇಕಾದ್ರೂ ಹೇಳ್ಕೊಳ್ಳಿ. ಪೊಲೀಸರಿಗೆ ಹೇಳಿದ್ದೇ ತಪ್ಪು. ಇನ್ನು ಕಟಕಟೆ ಹತ್ತಿ, ಪ್ರಮಾಣ ಮಾಡಿ, ಆಮೇಲೆ ಸುಳ್ಳು ಹೇಳಿದ್ರೆ ಅದು ಜೈಲಿಗೆ ಹೋಗೋ ಅಪರಾಧ."

"ಬರೀ ಮಾತಿಗಾ?" ಎಂದು ದೊಡ್ಡಮ್ಮ ಬಾಯಿ ಬಿಟ್ಟುಕೊಂಡು ಕೇಳಿದರು.

"ಬರೀ ಮಾತಿಗೇ ದೊಡ್ಡಮ್ಮ. ಅಂಚೆಯವರಿಗೆ ಏನೂ ನೆನಪಿಲ್ಲ. ನೋಡಿದವರು ದೊಡ್ಡಪ್ಪ ಒಬ್ರೇ. ಡ್ರೈವರ್ ಒಳಗೆ ಹೋಗ್ತಾನೋ ಮನೆಗೆ ಹೋಗ್ತಾನೋ, ಇವರ ಮಾತಿನ ಮೇಲಿದೆ."

ಮೆಟ್ಟಿಲು ಹತ್ತುವಾಗ ದೊಡ್ಡಮ್ಮ ಅಂದರು, "ರೀ, ಇದ್ದದ್ದು ಇದ್ದ ಹಾಗೆ ಹೇಳಿಬಿಡಿ."

"ಇದ್ದದ್ದೇ ಹೇಳೋದು. ಕಣ್ಣಿಗೆ ಕಟ್ಟಿದ ಹಾಗಿದೆ."

"ಕಣ್ಣಿಗೆ ಕಟ್ಟಿದ್ದು ಸೋಪು."

"ಯಾವ ಸೋಪು?" ಎಂದರು ಗಡಿಯಾರದವರು. ಅವರು ನಿಜವಾಗಿಯೂ ಮರೆತಿದ್ದರು. ದೊಡ್ಡಮ್ಮ ಮೆಟ್ಟಿಲ ಮೇಲೇ ನಿಂತುಬಿಟ್ಟರು. ಇಷ್ಟು ಸಲ ಹೇಳಿ ಈ ಮನುಷ್ಯ ಒಂದು ಬೆಳಗನ್ನೇ ಹೊಸದಾಗಿ ಮಾಡಿಕೊಂಡಿದ್ದಾರಲ್ಲ ಎಂದು ಬೆರಗಾದರು.

ಕೋರ್ಟಿನ ಕೋಣೆ ಅಷ್ಟೇನೂ ದೊಡ್ಡದಲ್ಲ. ಫ್ಯಾನು ಕಿರುಗುಟ್ಟುತ್ತಿತ್ತು, ಗೋಡೆಯ ಗಡಿಯಾರ ಎಂಟು ನಿಮಿಷ ಹಿಂದಿತ್ತು. ಹಿಂದಿನ ಬೆಂಚಿನಲ್ಲಿ ಕೂತ ದೊಡ್ಡಮ್ಮ ನೋಡಿದ್ದು ಟೈಪಿಸ್ಟರ ಬೆರಳುಗಳನ್ನು. ಯಾರು ಏನಂದರೂ ಆ ಬೆರಳುಗಳು ಟಕಟಕ ಎಂದು ಅದನ್ನು ಹಿಡಿದು ಕಾಗದಕ್ಕೆ ಹಾಕುತ್ತಿದ್ದವು. ದೊಡ್ಡಮ್ಮ ಜೀವನದಲ್ಲಿ ಆಡಿದ ಮಾತೆಲ್ಲ ಅನ್ನದ ಆವಿಯ ಹಾಗೆ ಕಿಟಕಿಯಿಂದ ಹೋಗಿತ್ತು. ಇಲ್ಲಿ ಒಬ್ಬರು ಆಡಿದ ಬರೀ "ಹೂಂ" ಕೂಡ ಹೊರಗೆ ಹೋಗದೆ ಉಳಿಯುತ್ತಿತ್ತು. ಅವರು ಕೆಮ್ಮು ಬಂದರೂ ತಡೆದುಕೊಂಡರು, ಅದನ್ನೂ ಟೈಪ್ ಹೊಡೆದುಬಿಟ್ಟರೆ ಎಂದು.

ಎದುರು ಮೂಲೆಯಲ್ಲಿ ಡ್ರೈವರ್ ನಿಂತಿದ್ದ. ನೆತ್ತಿಯ ಕೂದಲು ಉದುರಿದ, ಇಸ್ತ್ರಿ ಅಂಗಿಯ ಮನುಷ್ಯ.

ಗಡಿಯಾರದವರು ಕಟಕಟೆ ಹತ್ತಿ, ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿ, ಏಳು ಹನ್ನೆರಡರಿಂದ ಶುರು ಮಾಡಿದರು. ಬಾಣ ಬಂತು, ಕಣ್ಣಲ್ಲಿ ಕಣ್ಣು ಬಂತು, ಫೋನು ಬಂತು. ಡ್ರೈವರನ ಕಡೆಯ ವಕೀಲರು ಎದ್ದು, "ಫೋನು ಯಾವ ಕೈಯಲ್ಲಿತ್ತು?" ಎಂದು ಕೇಳಿದರು.

ಗಡಿಯಾರದವರು ತಡವರಿಸಿದರು. ಕತ್ತು ಹಿಂದಿನ ಬೆಂಚಿನ ಕಡೆ ತಿರುಗಿತು. "ಯಾವ ಕೈ ಕಣೇ?"

"ಎಡಗೈ" ಎಂದರು ದೊಡ್ಡಮ್ಮ.

ಟಕಟಕ ನಿಂತಿತು. ಕೋಣೆಯೆಲ್ಲ ಹಿಂದಕ್ಕೆ ತಿರುಗಿತು. ದೊಡ್ಡಮ್ಮ ಮಾತ್ರ ಡ್ರೈವರನನ್ನು ನೋಡಿದರು. ಅವನು ತನ್ನ ಎಡಗೈಯನ್ನು ಎತ್ತಿ, ತಿರುಗಿಸಿ, ಅಂಗೈಯನ್ನು ನೋಡಿಕೊಳ್ಳುತ್ತಿದ್ದ. ಆ ಬೆಳಿಗ್ಗೆ ಇದರಲ್ಲಿ ಏನಿತ್ತು ಎಂದು ಅವನಿಗೇ ಅನುಮಾನ ಬಂದ ಹಾಗಿತ್ತು.

ದೊಡ್ಡಮ್ಮನಿಗೆ ಆಗ ತಿಳಿಯಿತು. ಟೀ ಆರುತ್ತದೆಂದು ತಾನು ಎಸೆದ ಒಂದು ಮಾತು ಆ ಮನುಷ್ಯನ ಕೈಗೆ ಹೋಗಿ ಕೂತಿತ್ತು.

"ಯಾರಮ್ಮ ನೀವು?" ಎಂದರು ಜಡ್ಜಮ್ಮ, ಕನ್ನಡಕದ ಮೇಲಿಂದ. "ನೀವೂ ನೋಡಿದ್ರಾ? ಮುಂದೆ ಬನ್ನಿ."

ಗಡಿಯಾರದವರನ್ನು ಇಳಿಸಿ ದೊಡ್ಡಮ್ಮನನ್ನು ಹತ್ತಿಸಿದರು. ಪ್ರಮಾಣ ಹೇಳಿಸಿದರು. ಹೇಳುವಾಗ ಅವರಿಗೆ ಒದ್ದೆ ಕಂಬಳಿಯನ್ನು ಹೆಗಲಿಗೆ ಹಾಕಿದಂತಾಯಿತು.

"ನಾನೂ ನೋಡಿಲ್ಲ ತಾಯಿ, ಅವರೂ ನೋಡಿಲ್ಲ. ಅವರು ಸ್ನಾನ ಮಾಡ್ತಿದ್ರು, ಟವೆಲ್ ನಾನೇ ಕೊಟ್ಟೆ. ಫೋನಿನ ಮಾತೂ ನಾನೇ ಕೊಟ್ಟೆ."

"ಯಾಕೆ ಕೊಟ್ರಿ?"

"ಅವರು ಕೈ ಚಾಚಿದ್ರು" ಎಂದರು ದೊಡ್ಡಮ್ಮ. ಅದಕ್ಕಿಂತ ಬೇರೆ ಕಾರಣ ಅವರಿಗೆ ಹೊಳೆಯಲಿಲ್ಲ.

ಜಡ್ಜಮ್ಮ ಪೆನ್ನು ಕೆಳಗಿಟ್ಟರು. ಗಡಿಯಾರದವರನ್ನು ಮತ್ತೆ ಹತ್ತಿಸಿ, "ನೋಡಿ ಯಜಮಾನ್ರೇ, ಈಗಲೇ ತಿದ್ದಿಕೊಳ್ತೀರೋ, ಇಲ್ಲ ನಿಮ್ಮ ಮೇಲೇ ಕೇಸು ಹಾಕಿಸಲೋ? ನೀವು ಕಣ್ಣಾರೆ ನೋಡಿದ್ದನ್ನ ಮಾತ್ರ ಹೇಳಿ. ಏನು ನೋಡಿದ್ರಿ?" ಎಂದರು.

ಗಡಿಯಾರದವರು ಕತ್ತು ತಿರುಗಿಸಲು ಹೋಗಿ ನಿಲ್ಲಿಸಿದರು.

"ಸೋಪು" ಎಂದರು.

ಟಕಟಕ ಎಂದು ಅದೂ ಕಾಗದಕ್ಕೆ ಬಿತ್ತು.

ಡ್ರೈವರ್ ಅಂದೇ ಮನೆಗೆ ಹೋದ. ಜಡ್ಜಮ್ಮ ದಂಪತಿಗಳಿಬ್ಬರನ್ನೂ ಅಂದಿನ ಕೋರ್ಟು ಮುಗಿಯುವವರೆಗೆ ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಎಚ್ಚರಿಕೆ ಕೊಟ್ಟರು. ಅದರಲ್ಲಿ ಹೆಚ್ಚು ಪಾಲು ದೊಡ್ಡಮ್ಮನಿಗೇ ಬಂತು. "ಇವರಿಗೆ ನೋಡಿದೆ ಅನ್ನೋ ಭ್ರಮೆಯಾದ್ರೂ ಇತ್ತು. ನಿಮಗೆ ಅದೂ ಇರಲಿಲ್ಲ" ಎಂದರು.

ದೊಡ್ಡಮ್ಮ ಹೊರಗೆ ಬಂದು ಬಾಗಿಲಿನ ಜವಾನನನ್ನು ಕೇಳಿದರು, "ಅಣ್ಣಾ, ಇದನ್ನ ಇಳಿಸೋರು ಯಾರು?"

"ಏನಮ್ಮ?"

"ಪ್ರಮಾಣ. ಹಾಕಿದ್ರು, ಮತ್ತೆ ಯಾರೂ ತೆಗೀಲಿಲ್ಲ."

ಜವಾನ ನಕ್ಕು ಮುಂದಿನವರನ್ನು ಕೂಗಿದ. ಹಾಗಾಗಿ ದೊಡ್ಡಮ್ಮ ಪ್ರಮಾಣದ ಸಮೇತ ಮನೆಗೆ ಬಂದರು. ಕೆಳಮನೆಯ ಗುಮಾಸ್ತೆ ಬಾಗಿಲಲ್ಲೇ ನಿಲ್ಲಿಸಿ, "ದೊಡ್ಡಮ್ಮ, ನಾನು ಹೆಣೆದುಕೊಟ್ಟ ಸ್ವೆಟರ್ ಬೆಚ್ಚಗಿದ್ಯಾ?" ಎಂದಳು. "ಚುಚ್ಚುತ್ತೆ ಮಗಳೇ, ಒಂದು ತೋಳು ಉದ್ದ" ಎಂದು ಮೆಟ್ಟಿಲು ಹತ್ತಿದರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಮೂರು ಚಳಿಗಾಲ "ಬಹಳ ಚೆನ್ನಾಗಿದೆ" ಎಂದದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು.

ಟೀ ಕುಡಿದಾದ ಮೇಲೆ ಅಡುಗೆಮನೆಯಲ್ಲಿ ತಳ ಹಿಡಿದ ಹಾಲಿನ ಪಾತ್ರೆ ಉಜ್ಜಲು ನಿಂತರು. ಗಡಿಯಾರದವರು ಒರೆಸುವ ಬಟ್ಟೆ ಹಿಡಿದು ಪಕ್ಕಕ್ಕೆ ಬಂದರು.

"ಏನೇ."

"ಏನ್ರೀ."

"ಪ್ರಮಾಣ ಇನ್ನೂ ಇಳಿದಿಲ್ಲ ಅಂತೀಯಲ್ಲ. ಹಾಗಾದ್ರೆ ಒಂದು ಕೇಳ್ತೀನಿ. ಇಷ್ಟು ವರ್ಷ ನನ್ನ ಕಥೆ ಕೇಳಿ ಕೇಳಿ ನಿನಗೆ ಸಾಕಾಗಿದ್ಯಾ?"

ದೊಡ್ಡಮ್ಮ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಇಲ್ಲ" ಎಂದರು.

ಅಂದುಬಿಟ್ಟ ಮೇಲೆ ಗಾಬರಿಯಾಯಿತು. ಇದೂ ಟೀ ಆರಬಾರದೆಂದು ಆಡಿದ ಮಾತೋ? ರಿಪೇರಿಯಾದ ಗಡಿಯಾರವನ್ನು ಯಜಮಾನರು ಕಿವಿಗೆ ಹಿಡಿದು ನೋಡುತ್ತಿದ್ದ ಹಾಗೆ ಆ ಮಾತನ್ನು ಒಳಗೇ ಹಿಡಿದು ಕೇಳಿದರು. ನಡೆಯುತ್ತಿತ್ತು. ನಿಜವೇ. ದೊಡ್ಡಮ್ಮನಿಗೆ ಅಂದು ಕೋರ್ಟಿನಲ್ಲಿ ಆದದ್ದಕ್ಕಿಂತ ದೊಡ್ಡ ಬೆರಗು ಇದೇ ಆಯಿತು.

"ಆದ್ರೆ ಆ ಬಾಣ ಸ್ವಲ್ಪ ಜಾಸ್ತಿಯಾಗಿತ್ತು" ಎಂದರು.

ಗಡಿಯಾರದವರು ಕಿಟಕಿಯಾಚೆ ನೋಡುತ್ತಲೇ ಕೈ ಚಾಚಿದರು. ದೊಡ್ಡಮ್ಮ ತೊಳೆದ ಪಾತ್ರೆಯನ್ನು ಅದರಲ್ಲಿಟ್ಟರು. ಅವರು ಒರೆಸತೊಡಗಿದರು.